ಚೀರಕ್ಕನ ಕೈಯ ಹೊಗೆಸೊಪ್ಪು

ತೋಲ್ಪೆಟ್ಟಿಯ ಕಾಡಂಚಿನ ಬುಡಕಟ್ಟು ಹಾಡಿಯ ಚಾತಿಗೆ ಆನೆಯೆಂದರೆ ಭಯವಿಲ್ಲ. ಕಾಡ್ಗಿಚ್ಚು ಹರಡದಂತೆ ತರಗೆಲೆ ಗುಡಿಸುವ ಫೈರ್‌ಲೈನ್ ಕೆಲಸದಲ್ಲಿ ಒಂಟಿ ಸಲಗ ಎದುರಾದರೂ, "ಹೋಗಪ್ಪ, ನಿನ್ ದಾರಿ ನಿಂಗೆ" ಎಂದು ಪೊರಕೆ ಹಿಡಿದೇ ನಿಲ್ಲುವವಳು. ಅಂಥವಳು ಚೀರಕ್ಕನಿಗೆ ಹೆದರುತ್ತಿದ್ದಳು. ನಗಬೇಡಿ, ಚೀರಕ್ಕನನ್ನು ನೀವು ನೋಡಿಲ್ಲ.

ಕೆಲಸಕ್ಕೆ ಹೋಗುವ ಆರು ಹೆಂಗಸರಲ್ಲಿ ಚೀರಕ್ಕನೇ ಹಿರಿಯಳು. ಹತ್ತು ಗಂಟೆಗೆ ಮರದಡಿ ಕೂತರೆ ಎಲೆಯಡಿಕೆಯ ಡಬ್ಬಿ ತೆರೆಯುವುದು ಅವಳೇ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಹೊಗೆಸೊಪ್ಪು ಮುರಿದು ಒಬ್ಬೊಬ್ಬರ ಕೈಗೂ ತಾನೇ ಕೊಡಬೇಕು. ಆ ಕೈಯಿಂದ ತೆಗೆದುಕೊಳ್ಳದಿದ್ದರೆ ಮಾತು ಬಿಟ್ಟ ಹಾಗೆ. ಹಲ್ಲುನೋವೆಂದು ಒಮ್ಮೆ ಬೇಡವೆಂದ ಸುನಿತಳ ಜೊತೆ ಅವಳು ಇಡೀ ಮಳೆಗಾಲ ಮಾತಾಡಿರಲಿಲ್ಲ.

ಚಾತಿಗೆ ಈ ಚಟ ಹತ್ತಿದ್ದು ಹನ್ನೆರಡನೇ ವಯಸ್ಸಿಗೆ. ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಹೊರಟರೆ, ಜಿಗಣೆ ಹತ್ತದಿರಲೆಂದು ಅವ್ವ ಹೊಗೆಸೊಪ್ಪು ನೆನೆಸಿ ಕಾಲಿಗೆ ಉಜ್ಜುತ್ತಿದ್ದಳು. ಉಳಿದ ಚೂರನ್ನು ಹುಡುಗಿ ಬಾಯಿಗೆ ಹಾಕಿಕೊಂಡಳು. ತಲೆ ಗಿರ್ರೆಂದಿತು, ಹಸಿವು ಮರೆತೇಹೋಯಿತು. ಅಂದಿನಿಂದ ನಲವತ್ತು ವರ್ಷ ಅವಳ ಎಡದವಡೆ ಖಾಲಿ ಇದ್ದದ್ದೇ ಇಲ್ಲ.

ಆ ಎಡಗೆನ್ನೆಯ ಒಳಗೆ ಬೆಳ್ಳಗೆ ಮಚ್ಚೆಯೊಂದು ಎದ್ದಿತು. ಖಾರ ತಗುಲಿದರೆ ಕಣ್ಣಲ್ಲಿ ನೀರು. ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ ಕಳಿಸಿದ ಮೇಲೆ, ಹಾಡಿಗೆ ಬರುವ ನರ್ಸ್ ಪ್ರಿಯ ಬಿಡಿಸಿ ಹೇಳಿದಳು: "ಚಾತಿಯಮ್ಮ, ಇದು ಇನ್ನೂ ಕ್ಯಾನ್ಸರ್ ಆಗಿಲ್ಲ. ಹೊಗೆಸೊಪ್ಪು ಈಗ್ಲೇ ಬಿಟ್ರೆ ವಾಸಿಯಾಗ್ಬೋದು."

ಚಾತಿಯ ಒಡಹುಟ್ಟಿದ ಅಕ್ಕ ಬಾಯಿಯ ಹುಣ್ಣಿನಿಂದಲೇ ಸತ್ತಿದ್ದಳು. ಕೊನೆಗೆ ಗಂಜಿನೀರೂ ಇಳಿದಿರಲಿಲ್ಲ. ಅದನ್ನು ನೆನೆದು ಚಾತಿ ಮನೆಯಲ್ಲೇನೋ ಬಿಟ್ಟಳು. ಆದರೆ ಹತ್ತು ಗಂಟೆಗೆ ಚೀರಕ್ಕನ ಕೈ ಮುಂದೆ ಬರುತ್ತದಲ್ಲ! ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಸಾಯುವ ಭಯ ಒಂದು ಕಡೆ, ಗೆಳತಿಯನ್ನು ಕಳೆದುಕೊಳ್ಳುವ ಭಯ ಇನ್ನೊಂದು ಕಡೆ. ಹಾಳಾದ್ದು, ಎರಡನೆಯದೇ ದಿನಾ ಗೆಲ್ಲುತ್ತಿತ್ತು.

ಹೀಗಿರುವಾಗ ಸರ್ಕಾರ ತಂಬಾಕಿನ ಮೇಲೆ ತೆರಿಗೆ ಏರಿಸಿತು. ಅಂಗಡಿಯ ಬಾಲಕೃಷ್ಣನ್ ಹಳೇ ಬೆಲೆಗೆ ಅರ್ಧ ಎಲೆ ಹೊಗೆಸೊಪ್ಪು ಕೊಟ್ಟ. ಚೀರಕ್ಕ ಕೆರಳಿದಳು.

"ಏನ್ ಬಾಲಣ್ಣ, ಇದೇನು ಇಲಿ ತಿಂದು ಬಿಟ್ಟಿದ್ದಾ?"

"ನನ್ನ ಯಾಕ್ ಬೈತೀಯಕ್ಕ? ಜನ ಬಿಡ್ಲಿ ಅಂತಾನೇ ಟ್ಯಾಕ್ಸ್ ಹಾಕವ್ರಂತೆ."

"ನಮ್ ಬಾಯಿ ಚಿಂತೆ ಅವ್ರಿಗ್ಯಾಕೆ?"

ಹಿಂದೆ ನಿಂತಿದ್ದ ಚಾತಿಗೆ ಅಲ್ಲೇ ದಾರಿ ಹೊಳೆಯಿತು.

ಮರುದಿನ ಹತ್ತು ಗಂಟೆಗೆ ಡಬ್ಬಿಯಲ್ಲಿ ಹೆಬ್ಬೆರಳಷ್ಟು ಹೊಗೆಸೊಪ್ಪು. ಆರು ಬಾಯಿ. ಚೀರಕ್ಕ ಕೈ ಚಾಚಿದಾಗ ಚಾತಿ ಆ ಕೈಯನ್ನು ಮೆಲ್ಲನೆ ಹಿಂದಕ್ಕೆ ತಳ್ಳಿದಳು.

"ವೇಂಡ, ಬೇಡ ಚೀರಕ್ಕ, ನನ್ ಪಾಲು ನೀನೇ ಹಾಕ್ಕೊ. ಈ ರೇಟಲ್ಲಿ ಎಲ್ರಿಗೂ ಎಲ್ಲಿಂದ ತರ್ತೀಯ?"

ಚೀರಕ್ಕನ ಹುಬ್ಬು ಗಂಟಿಕ್ಕಿತು. ಸಿಟ್ಟೇನೋ ಬಂತು, ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು? "ಸರ್ಕಾರ ಹಾಳಾಗ್ಲಿ!" ಎಂದು ಶಪಿಸಿ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡಳು. ಸರ್ಕಾರದ ಹೆಗಲಿಗೆ ತಪ್ಪು ಹೊರಿಸಿ ಚಾತಿ ಪಾರಾದಳು. ವಾರದೊಳಗೆ ಸುನಿತಳೂ "ನನ್ ಪಾಲೂ ನಿಂಗೇ" ಎಂದಳು.

ಬಿಡುವುದು ಸುಲಭವಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ತಲೆ ಸಿಡಿಯಿತು, ನಿದ್ದೆ ಹತ್ತಲಿಲ್ಲ, ಕೋಳಿಗಳನ್ನೂ ಬೈದಳು. ಮೊದಲ ಮಳೆ ಬಿದ್ದ ವಾರ ಪ್ರಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಮಚ್ಚೆ ಮಾಸಿದೆ ಚಾತಿಯಮ್ಮ! ಇನ್ನು ಅಡಿಕೆನೂ ಬಿಡ್ಬೇಕು" ಎಂದಳು. ಚಾತಿ ಜಗಲಿಯಲ್ಲಿ ಕೂತು ಗಳಗಳನೆ ಅತ್ತಳು.

ಅಷ್ಟು ಸಂತೋಷದ ಜೊತೆ ಸುಳ್ಳನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದಾಗಲಿಲ್ಲ. ಮಳೆ ಹಿಡಿದ ಮೇಲೆ ಎಲ್ಲರಿಗೂ ಕೆಲಸ ಕಾಫಿ ತೋಟದಲ್ಲಿ; ಮರುದಿನ ಅಲ್ಲೇ ಹೇಳಿಯೇಬಿಟ್ಟಳು: "ಚೀರಕ್ಕ, ನಾನು ಬಿಟ್ಟಿದ್ದು ರೇಟಿಗಲ್ಲ, ಹೆದ್ರಿಕೆಗೆ. ನಮ್ಮಕ್ಕನ್ ಥರ ಸಾಯಕ್ಕೆ ನಂಗಿಷ್ಟ ಇಲ್ಲ."

ಚೀರಕ್ಕ ಪಟ್ಟನೆ ಡಬ್ಬಿ ಮುಚ್ಚಿ ಎದ್ದುಹೋದಳು. ಸಂಜೆ ಒಬ್ಬಳೇ ಮುಂದೆ ನಡೆದು ಮನೆ ಸೇರಿದಳು. ಮುಗಿಯಿತು, ಈ ಮಳೆಗಾಲ ಮಾತು ಬಿಡುವುದು ತನ್ನ ಜೊತೆ ಎಂದು ಚಾತಿ ಅಂದುಕೊಂಡಳು.

ಮಾರನೆಯ ಬೆಳಿಗ್ಗೆ ತೋಟದ ಬೇಲಿಯ ಬಳಿ ಚೀರಕ್ಕನೇ ಕಾದು ನಿಂತಿದ್ದಳು. "ಕಾಲು ನೀಡೇ" ಎಂದು ನೆನೆಸಿದ ಹೊಗೆಸೊಪ್ಪಿನ ಬಟ್ಟೆಯಿಂದ ಚಾತಿಯ ಮೀನಖಂಡವನ್ನು ಗಸಗಸ ಉಜ್ಜಿದಳು. ಆಮೇಲೆ ಡಬ್ಬಿ ತೆರೆದು ಉಪ್ಪುಹಾಕಿ ಒಣಗಿಸಿದ ನೆಲ್ಲಿಕಾಯಿಯ ಚೂರು ಚಾಚಿದಳು.

"ಅದು ಜಿಗಣೆಗೆ. ಇದು ನಿಂಗೆ. ತಗೊಳ್ಳೇ."

ಚಾತಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು.

ಚೀರಕ್ಕ ಅತ್ತ ಮುಖ ತಿರುಗಿಸಿ, ತನ್ನ ಕೆನ್ನೆ ಸವರಿಕೊಳ್ಳುತ್ತ ಸಣ್ಣ ದನಿಯಲ್ಲಿ ಹೇಳಿದಳು: "ಆ ನರ್ಸಮ್ಮ ಬಂದಾಗ, ನನ್ ಬಾಯಿಗೂ ಒಂಚೂರು ಟಾರ್ಚ್ ಬಿಡು ಅನ್ನು."