ಏಕಾದಶಿಯ ದಿನ ಕೋಬಾಲ್ಟೈಟ್

ಟೈಲಿನ ಬೆನ್ನ ಮೇಲೆ ಕಲ್ಲು ತೀಡುವ ಸದ್ದು ಈಗಲೂ ಕಿವಿಯಲ್ಲಿದೆ. ಕರ್ರ್ ಎಂದು ಹಲ್ಲು ಜುಮ್ಮೆನಿಸುವ ಸದ್ದು. ವಸಂತ್ ಕುಂಜ್‌ನ ಅಕ್ಕನ ಫ್ಲ್ಯಾಟಿನಲ್ಲಿ, ಮೇಲೆ ವಿಮಾನ ಹಾದುಹೋಗುವಾಗ ಎಲ್ಲರೂ ಮಾತು ನಿಲ್ಲಿಸಿ ಕಾಯುವುದು ರೂಢಿ. ಅಕ್ಕ ತೀಡುವುದು ಮಾತ್ರ ಯಾವ ವಿಮಾನಕ್ಕೂ ನಿಲ್ಲುತ್ತಿರಲಿಲ್ಲ.

ಅವಳು ಜಿಯಾಲಜಿ ಓದಿದವಳು. ಮದುವೆಯಾಗಿ ದೆಹಲಿಗೆ ಬಂದು ಸ್ಕೂಲಿನಲ್ಲಿ ಜಾಗ್ರಫಿ ಕಲಿಸಿದಳು, ರಿಟೈರ್ ಆದ ಮೇಲೆ ಕಲ್ಲು ಕೂಡಿಸತೊಡಗಿದಳು. ನಾವಿಬ್ಬರೂ ಒಂದೇ ಕಾನ್ವೆಂಟಿನವರು. ಅಲ್ಲಿನ ಸಿಸ್ಟರ್‌ಗಳು ಕಲಿಸಿದ ನೀಟ್‌ನೆಸ್ ನನಗೆ ಅಂಟಿತು, ಅವಳಿಗೆ ಅಂಟಲಿಲ್ಲ. ಡೈನಿಂಗ್ ಟೇಬಲ್ ತುಂಬ ಕಲ್ಲು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

ಆ ವರ್ಷ ರಾಜಸ್ಥಾನದ ಹಳೆಯ ತಾಮ್ರದ ಗಣಿಯೊಂದರ ಹೊರಗಿನ ಕಲ್ಲುರಾಶಿಯಿಂದ ಅವಳು ಮುಷ್ಟಿಗಾತ್ರದ್ದೊಂದನ್ನು ಆರಿಸಿ ತಂದಿದ್ದಳು. ಅದರಲ್ಲಿ ಕಾಳುಮೆಣಸಿನಷ್ಟು ಒಂದು ಹರಳು. ಬೆಳ್ಳಿಯ ಬಿಳುಪು, ಓರೆಯಾಗಿ ಹಿಡಿದರೆ ತೀರ ತೆಳುವಾದ ಗುಲಾಬಿ. ಹರಳಿನ ಬುಡದಲ್ಲಿ ಅದೇ ಅದಿರಿನ ಒಂದಿಷ್ಟು ಸಡಿಲ ಚೂರು. ಅಪರೂಪದ ಕೋಬಾಲ್ಟೈಟ್ ಇರಬಹುದು ಎಂದು ಅಕ್ಕನ ಊಹೆ. ಒಂದು ಚೂರನ್ನು ತೀಡಿದಾಗ ಟೈಲಿನ ಮೇಲೆ ಗೆರೆ ಬೂದುಗಪ್ಪಾಗಿ ಬಿತ್ತು, ಹಾಗಾಗಿ ಹಸಿರುಗಪ್ಪು ಗೆರೆಯ ಪೈರೈಟ್ ಅಲ್ಲ. ಆದರೆ ಹೀಗೇ ಕಾಣುವ, ಎಲ್ಲೆಂದರಲ್ಲಿ ಸಿಗುವ ಇನ್ನೊಂದು ಅದಿರೂ ಉಂಟು. ಎರಡರಲ್ಲೂ ಆರ್ಸೆನಿಕ್ ಎಂಬ ವಿಷ ಇರುತ್ತದೆ. ಚೂರನ್ನು ಪುಡಿಮಾಡಿ, ಹುರಿದು, ಬಿಳಿಗಾರದ ಜೊತೆ ಕರಗಿಸಿದಾಗ ನೀಲಿ ಗಾಜಿನ ಮಣಿಯಾದರೆ ಮಾತ್ರ ಕೋಬಾಲ್ಟ್. ಬಿಳಿಗಾರವನ್ನೂ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಪುಟ್ಟ ಗ್ಯಾಸ್ ಟಾರ್ಚನ್ನೂ ಕರೋಲ್ ಬಾಗ್‌ನಿಂದ ತಂದೆವು.

ಆ ಹೊತ್ತಿಗೆ ಅಕ್ಕನ ನೋಟದ ನಡುಭಾಗ ಮಸುಕಾಗತೊಡಗಿತ್ತು. ಇಂಜೆಕ್ಷನ್ನಿನಿಂದ ಸ್ವಲ್ಪ ಕಾಲ ತಡೆಯಬಹುದು, ಅಷ್ಟೇ, ಎಂದಿದ್ದರು ಡಾಕ್ಟರು.

"ಸುಮ್ನೆ ಲ್ಯಾಬಿಗೆ ಕಳಿಸೇ," ಅಂದೆ.

"ಲ್ಯಾಬಿನವ್ರು ಹೇಳ್ತಾರೆ. ನಂಗೆ ಕೇಳೋದು ಬೇಡ ಕಣೇ, ನೋಡ್ಬೇಕು. ಕಣ್ಣಿರೋವಾಗ್ಲೇ."

ಅಡುಗೆಮನೆಯ ಕಿಟಕಿ ತೆರೆದು, ಹಳೆಯ ಸ್ಟೀಲ್ ಚಮಚದಲ್ಲಿ ಚೂರುಗಳ ಪುಡಿಯನ್ನು ಗ್ಯಾಸಿನ ಮೇಲೆ ಹಿಡಿದಳು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿಯ ಘಾಟು ಎದ್ದಿತು. ಆರ್ಸೆನಿಕ್ ಕಾದಾಗ ಬರುವ ವಾಸನೆಯೇ ಅದು. ಆದರೆ ಆ ಮನೆಯೊಳಗೆ ಬೆಳ್ಳುಳ್ಳಿ ಎಂದೂ ಕಾಲಿಟ್ಟಿರಲಿಲ್ಲ, ಸಾಲದ್ದಕ್ಕೆ ಅಂದು ಏಕಾದಶಿ. ಭಾವ ಜಪ ಬಿಟ್ಟು ಎದ್ದು ಬಂದರು.

"ಉಪವಾಸದ ದಿನ ಬೆಳ್ಳುಳ್ಳೀನಾ? ಅಕ್ಕ ತಂಗಿ ಸೇರ್ಕೊಂಡು ಪಾವ್ ಭಾಜಿ ಮಾಡ್ತಿದೀರಾ? ಶೇಮ್!"

ಹಾಗೆನ್ನುತ್ತಲೇ ಚಮಚ ಕಿತ್ತುಕೊಂಡು ಸಿಂಕಿಗೆ ಹಾಕಿ ನಲ್ಲಿ ಬಿಟ್ಟರು.

"ಅಯ್ಯೋ, ಬೆಳ್ಳುಳ್ಳಿ ಅಲ್ಲ ರೀ, ಪಾಷಾಣ!"

"ಪಾಷಾಣಾನಾ?" ಭಾವನ ಮುಖ ಸಡಿಲವಾಯಿತು. "ಅಚ್ಛಾ. ಮೊದ್ಲೇ ಹೇಳ್ಬಾರ್ದಾ?"

ನಾನು ನಕ್ಕೆ, ಅಕ್ಕ ನಗಲಿಲ್ಲ. ಪುಡಿಯೆಲ್ಲ ನೀರಿನ ಜೊತೆ ಹೋಗಿತ್ತು. ಉಳಿದಿದ್ದು ಆ ಹರಳೊಂದೇ. ಅದನ್ನು ಒಡೆದರೆ ಅವಳ ಕಲೆಕ್ಷನ್ನಿನ ಏಕೈಕ ಕೋಬಾಲ್ಟೈಟ್ ಇಲ್ಲವಾಗುತ್ತಿತ್ತು. ಒಡೆಯದಿದ್ದರೆ ಅದು ಕೋಬಾಲ್ಟೈಟ್ ಹೌದೋ ಅಲ್ಲವೋ ಎಂಬುದನ್ನು ಅವಳ ಕಣ್ಣು ಎಂದೂ ನೋಡುವಂತಿರಲಿಲ್ಲ.

"ಇನ್ನೊಂದ್ಸಲ ಹೋಗಿ ಹುಡುಕೋಣ," ಅಂದರು ಭಾವ, ತಪ್ಪು ಮಾಡಿದವರ ದನಿಯಲ್ಲಿ.

"ಹುಡುಕೋದಕ್ಕೂ ಕಣ್ಣು ಬೇಕಲ್ರೀ."

ಅವಳು ಹರಳನ್ನು ಬಿಡಿಸಿ, ಅಡುಗೆಗೆ ಬಳಸದ ಕುಟ್ಟಾಣಿಗೆ ಹಾಕಿ ಒಂದೇ ಪೆಟ್ಟು ಕೊಟ್ಟಳು. ನಾನಾಗಿದ್ದರೆ ವಾರಗಟ್ಟಲೆ ಯೋಚಿಸುತ್ತಿದ್ದೆ. ಈ ಸಲ ಎಕ್ಸಾಸ್ಟ್ ಫ್ಯಾನ್ ಹಾಕಿದ್ದು ಭಾವ. ಪುಡಿ ಮತ್ತೆ ಹುರಿದಾಯಿತು. ಟಾರ್ಚಿನ ಉರಿಗೆ ತಂತಿಯ ಕುಣಿಕೆಯಲ್ಲಿದ್ದ ಬಿಳಿಗಾರ ಉಬ್ಬಿ, ಕುಗ್ಗಿ, ತಿಳಿಗಾಜಾಯಿತು. ಅದಕ್ಕೆ ಒಂದು ಕಣ ಪುಡಿ ತಗುಲಿಸಿ ಮತ್ತೆ ಉರಿಗೆ ಹಿಡಿದಳು. ಆರಿದ ಮಣಿಯನ್ನು ಟ್ಯೂಬ್‌ಲೈಟಿಗೆ ಎತ್ತಿ, ಕಣ್ಣಿನ ಅಂಚಿನಿಂದ ನೋಡಲೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು.

"ಇಂಕ್," ಅಂದಳು. "ರಾಯಲ್ ಬ್ಲೂ."

ಹೌದು, ಹಾಗೇ ಇತ್ತು. ಭಾವ ಉಪವಾಸ ಮರೆತು ಕಾಫಿ ಕೇಳಿದರು.

ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಅಕ್ಕ ಹೋದಳು. ಆಸ್ಪತ್ರೆಯಲ್ಲಿ ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೊದಲು, ಆರ್.ಕೆ.ಪುರಂ ಮೆಟ್ರೋ ಸ್ಟೇಷನ್ನಿನಲ್ಲಿ. ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಭಾವನ ತೋಳು ಹಿಡಿದು ಗೇಟು ದಾಟಿದವಳು ತಿರುಗಿ ಕೈಬೀಸಿದಳು. ಬೀಸಿದ್ದು ನನ್ನ ಕಡೆಗಲ್ಲ, ಟಿಕೆಟ್ ಮಷೀನಿನ ಪಕ್ಕ ನಿಂತಿದ್ದ ಯಾರೋ ಹುಡುಗಿಯ ಕಡೆಗೆ. ಆ ಹುಡುಗಿ ಒಂದು ಕ್ಷಣ ಅನುಮಾನಿಸಿ, ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ತಾನೂ ಕೈಬೀಸಿದಳು.