ಕೂಸಿಗೆ ಎರೆಯಲು ಬೇಕಾದ ಕುತ್ತಿಗೆ

ಮೊಮ್ಮಗ ಹುಟ್ಟಿದ ಸುದ್ದಿ ಕೇಳಿದ್ದೇ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಮಗಳ ಬ್ಯಾಂಕಿನ ಕೆಲಸ ವಿಶಾಖಪಟ್ಟಣದಲ್ಲಿ, ಅಳಿಯಂದಿರದು ವಿಜಯವಾಡದಲ್ಲಿ. ಅವರು ನನ್ನನ್ನು ವಿಜಯವಾಡದಲ್ಲಿ ಇಳಿಸಿಕೊಂಡು ಕಾರಿನಲ್ಲಿ ಮಗಳ ಊರಿಗೆ ಹೊರಟರು. ಟೋಲ್ ಗೇಟಿನ ಸಾಲಿನಲ್ಲಿ ನಿಂತಿದ್ದಾಗ ಹಿಂದಿನ ವ್ಯಾನು ಬಂದು ಗುದ್ದಿತು. ನನ್ನ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಅಷ್ಟೇ. ರಕ್ತವಿಲ್ಲ, ಗಾಯವಿಲ್ಲ.

"ಏನೂ ಆಗಿಲ್ಲ, ನಡೀರಿ, ಕೂಸು ಕಾಯಾಕತ್ತೈತಿ" ಎಂದೆ.

ಮರುದಿನ ಎದ್ದರೆ ಕುತ್ತಿಗೆ ಒನಕೆಯ ಹಾಗೆ ಸೆಟೆದಿತ್ತು.

ನಮ್ಮ ಕಡೆ ಕೂಸಿಗೆ ಎರೆಯುವವಳು ಅಜ್ಜಿ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕಬೇಕು. ಓದು ಬರಹ ನನಗೆ ಅಷ್ಟಾಗಿ ಬಾರದು, ಇದು ಬರುತ್ತದೆ. ಇದಕ್ಕೆಂದೇ ಬಂದವಳು ನಾನು. ಕುತ್ತಿಗೆ ಬಗ್ಗದೆ ಎರೆಯುವುದು ಹೇಗೆ?

ಡಾಕ್ಟರು ಎಕ್ಸ್‌ರೇ ತೆಗೆಸಿ, ಎಲುಬು ಗಟ್ಟಿಯಿದೆ, ಒಳಗಿನ ಸ್ನಾಯು ಜಗ್ಗಿದೆ ಎಂದರು. ನೋವಿಗೆ ಮಾತ್ರೆ, ಬಿಸಿ ಕಾವು, ಕುತ್ತಿಗೆಗೆ ಪಟ್ಟಿ. ಪಟ್ಟಿ ಸ್ವಲ್ಪ ಹೊತ್ತು ಮಾತ್ರ, ಮೆಲ್ಲಗೆ ತಲೆ ಆಡಿಸುತ್ತಿರಬೇಕು, ಕೈ ಜೋಮು ಹಿಡಿದರೆ ಕೂಡಲೇ ಬರಬೇಕು ಎಂದೂ ಹೇಳಿದರು. ನಾನು ನನ್ನ ಬುದ್ಧಿಗೆ ತಿಳಿದಂತೆ ಮಾಡಿದೆ. ಬಾಣಂತಿಯನ್ನು ಹೇಗೆ ಕಿವಿ ಮುಚ್ಚಿ, ಬೆಚ್ಚಗೆ ಸುತ್ತಿ, ಅಲುಗಾಡದಂತೆ ಮಲಗಿಸುತ್ತೇವೋ ಹಾಗೆ ನನ್ನನ್ನೇ ಮಲಗಿಸಿಕೊಂಡೆ. ಪಟ್ಟಿಯ ಮೇಲೆ ಸ್ಕಾರ್ಫು, ಅದರ ಮೇಲೆ ಶಾಲು. ಸಮುದ್ರದ ಆ ಸೆಕೆಯಲ್ಲಿ!

"ಬಾಣಂತನ ಮಾಡಾಕ ಬಂದಾಕಿ ನೀನ ಬಾಣಂತಿ ಆದೆಲ್ಲಬೇ" ಎಂದು ಮಗಳು ನಕ್ಕಳು.

ಪಕ್ಕದ ಮನೆಯ ತೆಲುಗಿನಾಕೆ ದಿನಾ ಬಂದು ಎರೆದು ಹೋಗುತ್ತಿದ್ದಳು. ಒಳ್ಳೆಯ ಹೆಂಗಸು. ಆದರೂ ಬಚ್ಚಲಿನ ನೀರಿನ ಸದ್ದು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಮೊಮ್ಮಗ ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಒದ್ದರೆ ಉಳುಕು ಬಿಡುತ್ತದೆಂಬ ಮಾತು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ಆಕೆಯೇ ಅವನನ್ನು ಎತ್ತಿ ಹಿಡಿದು ನನ್ನ ಕುತ್ತಿಗೆಗೆ ಒದೆಸಿದಳು. ನೋವು ಇದ್ದಲ್ಲೇ ಇತ್ತು. ಆದರೂ "ಇನ್ನೊಮ್ಮೆ ಒದೆಸವ್ವಾ" ಎಂದೆ.

ಮಲಗಿದಷ್ಟೂ ಬಿಗಿತ ಹೆಚ್ಚಿತು. ಕೊನೆಗೆ ವ್ಯಾಯಾಮ ಕಲಿಸುವ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಚಿಕ್ಕ ಹುಡುಗಿ. ಶಾಲು, ಸ್ಕಾರ್ಫು, ಪಟ್ಟಿ ಎಲ್ಲ ಬಿಚ್ಚಿದಳು. ಈ ಕುತ್ತಿಗೆಯಿಂದ ನಿಮಗೆ ಯಾವ ಕೆಲಸ ಆಗಬೇಕು ಎಂದು ಕೇಳಿದಳು. ಮಗಳು ತೆಲುಗಿನಲ್ಲಿ ಹೇಳಿದಳು. ಹುಡುಗಿ ನನ್ನನ್ನು ಕಾಲು ಚಾಚಿ ಕೂರಿಸಿ, ಕಾಲ ಮೇಲೆ ದಿಂಬು ಇಟ್ಟು, "ಇದಕ್ಕೆ ಸ್ನಾನ ಮಾಡಿಸಮ್ಮಾ" ಎಂದಳು. ನೋಯುವ ತನಕ ಬಗ್ಗು, ಅಲ್ಲಿ ನಿಲ್ಲು, ಉಸಿರು ಬಿಡು, ಮೇಲೆ ಬಾ.

ಮನೆಯಲ್ಲೂ ದಿನಾ ಅದೇ. "ಜ್ವಾಕಿ, ದಿಂಬಿನ ಕಿವ್ಯಾಗ ನೀರು ಹೊಕ್ಕೀತು" ಎಂದು ಮಗಳ ಕುಚೋದ್ಯ.

ನೋವೆಂದರೆ ಮುಟ್ಟಬೇಡ ಎಂದೇ ನಾನು ತಿಳಿದಿದ್ದೆ. ಕೆಲವು ನೋವು ಬಾಗಿಲಲ್ಲಿ ಕೂತ ಮುದುಕಿಯ ಹಾಗೆ. ಮೆಲ್ಲಗೆ ಮಾತಾಡಿಸಿದರೆ ತಾನೇ ಸರಿದು ದಾರಿ ಕೊಡುತ್ತದೆ.

ಹುಡುಗಿ ಹೂಂ ಎಂದ ದಿನ ಕೂಸನ್ನು ಕಾಲ ಮೇಲೆ ಹಾಕಿಕೊಂಡೆ. ಅರ್ಧ ಎರೆಯುವಷ್ಟರಲ್ಲಿ ಕುತ್ತಿಗೆ ಹಿಡಿಯಿತು. ನಿಂತೆ, ಉಸಿರು ಬಿಟ್ಟೆ. ಮಗಳು ಚೊಂಬು ತೆಗೆದುಕೊಂಡು ನೀರು ಹಾಕಿದಳು, ನಾನು ಅವನ ಬೆನ್ನು ತಿಕ್ಕಿದೆ. ಅಷ್ಟರಲ್ಲಿ ಮಹಾರಾಯ ಅಳು ನಿಲ್ಲಿಸಿ, ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಹತ್ತಿರದಿಂದ ನೋಡಲು ಬಗ್ಗಿದೆ. ಬಗ್ಗಿದ್ದು ಗೊತ್ತಾದದ್ದು ಆಮೇಲೆ.