ಡೆಲಿಯಾಳ ಬಕೆಟ್ಟಿನ ಬೆಂಕಿ

ನಮ್ಮತ್ತೆ ಡೆಲಿಯಾ ಫಾಹಿ ವರ್ಷಗಟ್ಟಲೆ ನನ್ನ ಕೈಗೆ ಇಕ್ಕಳ ಕೊಡಲಿಲ್ಲ. ಅಡುಗೆಮನೆ ಕೊಟ್ಟರು, ಕೋಳಿಗಳನ್ನು ಕೊಟ್ಟರು, ಮಗನನ್ನೂ ಕೊಟ್ಟರು. ಬೆಂಕಿಯ ಇಕ್ಕಳ ಮಾತ್ರ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರುವ ದಾರಿಯಲ್ಲೆಲ್ಲೋ ನಿದ್ದೆ ಹೋಗಿತ್ತು.

ಆ ಬೆಂಕಿ ಅವರ ತವರಿನದು. ಮದುವೆಯ ದಿನ ಬಕೆಟ್ಟಿಗೆ ಕೆಂಡ ಹಾಕಿ, ಬೂದಿ ಮುಚ್ಚಿ, ಕನೆಮಾರಾದ ಜವುಗುನೆಲ ದಾಟಿ ತಂದಿದ್ದರು. ಅವರ ಅಜ್ಜಿಯ ಅಜ್ಜಿ ಹೊತ್ತಿಸಿದ್ದಂತೆ, ಅಂದಿನಿಂದ ಆರಿಲ್ಲವಂತೆ. ದಿನವೂ ಮಲಗುವ ಮುಂಚೆ ಕೆಂಡಕ್ಕೆ ಬೂದಿ ಹೊದಿಸಿ, ಸಂತ ಬ್ರಿಜಿಡಳಿಗೆ ಪಿಸುಮಾತಿನಲ್ಲಿ ಒಪ್ಪಿಸಿ, ಬೆಳಿಗ್ಗೆ ಕೆದಕಿ ಎಬ್ಬಿಸುತ್ತಿದ್ದರು. ಜವುಗಿನಿಂದ ಕಡಿದು ಉರುವಲಿಗೆಂದು ಒಣಗಿಸಿದ ಮಣ್ಣಿನ ಹೆಂಟೆಗಳ ಹೊಗೆ ಕೋಣೆಯಲ್ಲಿ ನೀಲಿಯಾಗಿ ತೇಲುತ್ತಿತ್ತು. ಆ ವಾಸನೆಯಲ್ಲಿ ಕೂತರೆ ಸತ್ತವರೆಲ್ಲ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾರೆ ಅನಿಸುತ್ತಿತ್ತು.

ಮಾವ ಕೋಲ್ಮನ್ ಗೋರಿಕಲ್ಲು ಕೆತ್ತುವವರು. ಒಮ್ಮೆ ಶಿಲುಬೆ ಅರ್ಧ ಕೆತ್ತುವಷ್ಟರಲ್ಲಿ ಕಲ್ಲಿನ ಮೂಲೆ ಸೀಳಿತು. ಅತ್ತೆ ಅದನ್ನು ಎಸೆಯಲು ಬಿಡದೆ, ಶಿಲುಬೆ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ, ಕೆಳಗೆರಡು ಕಂಬ ಕೊಡಿಸಿ, ತಮ್ಮ ಅಗ್ಗಿಷ್ಟಿಕೆಗೆ ಚೌಕಟ್ಟು ಮಾಡಿಸಿಕೊಂಡರು.

"ಏನೇ ಡೆಲಿಯಾ, ಸಾಯೋಕ್ ಮುಂಚೇನೇ ಗೋರಿ ಕೆಳಗೆ ಕೂತ್ಯಲ್ಲೇ!" ಅಂದಳು ಗುಡ್ಡದಾಚೆಯ ಪೆಗ್ ಮನ್ನಿಯನ್.

"ಬೆಚ್ಚಗಿದೆ ಕಣೇ, ನೀನೂ ಬಾ," ಅಂದರು ಅತ್ತೆ.

ನಕ್ಕ ಪೆಗ್ಗೇ ಮೊದಲ ಗಿರಾಕಿಯಾದಳು. ಅವಳ ಹೊಸ ಮನೆಗೆ ಚೌಕಟ್ಟಿನ ಜೊತೆ ಅತ್ತೆ ತಮ್ಮ ಒಲೆಯ ಕೆಂಡವನ್ನೂ ಒಯ್ದರು. ಹಳೆಯ ಮನೆಗಳಲ್ಲಾದರೆ ಅಲ್ಲಿನ ಕೆಂಡವನ್ನೇ ಬಕೆಟ್ಟಿಗೆ ತೆಗೆದುಕೊಂಡು, ಮಾವ ಕಲ್ಲು ಕೂರಿಸುವ ತನಕ ಅಂಗಳದಲ್ಲಿ ಕಾಯುತ್ತಿದ್ದರು. ಫಾಹಿಗಳು ಬಂದರೆ ಮನೆಯ ಬೆಂಕಿ ಆರುವುದಿಲ್ಲ ಎಂಬ ಮಾತು ಊರೂರಿಗೆ ಹಬ್ಬಿತು. ಕೊಟ್ಟಿಗೆಯಲ್ಲಿ ನಡೆಯುತ್ತಿದ್ದ ಕಲ್ಲಿನ ಕೆಲಸ ಶೆಡ್ಡಿಗೆ ಬಂತು, ಕಲ್ಲು ಕೊಯ್ಯುವ ಯಂತ್ರ ಬಂತು, ಲಾರಿ ಬಂತು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಫೆಸ್ಟಸ್ ಗಾಲ್ವೇ ಪೇಟೆಯ ಹೋಟೆಲುಗಳಿಗೂ ಚೌಕಟ್ಟು ಮಾಡಿಕೊಟ್ಟ.

ಆಮೇಲೆ ಮನೆಮನೆಗೂ ಎಣ್ಣೆಯ ಬಾಯ್ಲರ್ ಬಂತು. ಜನರಿಗೆ ಚೌಕಟ್ಟು ಬೇಕು, ಬೆಂಕಿ ಬೇಡ. ಒಳಗೊಂದು ಕರೆಂಟಿನ ಸುಳ್ಳು ಜ್ವಾಲೆ ಮಿಣುಕಿದರೆ ಸಾಕು. ವ್ಯಾಪಾರ ಬೆಳೆಯಿತು, ಬಕೆಟ್ಟು ಮೂಲೆ ಸೇರಿತು. ಸಂಜೆ ಚೌಕಟ್ಟಿಗೆ ಮೊಣಕೈ ಊರಿ ಅತ್ತೆ ಕೇಳುತ್ತಿದ್ದರು, "ನಾನು ಹೋದ್ಮೇಲೆ ಇದನ್ಯಾರು ಕಾಯ್ತಾರೆ?"

"ನಾನಿಲ್ವಾ ಅತ್ತೆ?"

"ನೀನಾ ವಿನ್ನಿ? ನೀನು ಬ್ರೆಡ್ಡನ್ನೇ ಕರಕಲು ಮಾಡ್ತೀಯ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವರ ಕಣ್ಣಲ್ಲಿದ್ದ ಹೆದರಿಕೆಯೂ ಕಾಣುತ್ತಿತ್ತು.

ಒಂದು ವಸಂತದಲ್ಲಿ ಅತ್ತೆ ಎದೆನೋವಿನಿಂದ ಆಸ್ಪತ್ರೆ ಸೇರಿದರು. ಹೋಗುವಾಗ ಇಕ್ಕಳವನ್ನು ಮಗನ ಕೈಗಿತ್ತರು. ಅವರ ಹಾಸಿಗೆಯ ಪಕ್ಕ ಕೂತಿದ್ದ ನಾನು, ಅವರನ್ನು ಬಿಡುಗಡೆ ಮಾಡುವ ದಿನ ಬೆಳಿಗ್ಗೆ ಮುಂಚಿತವಾಗಿ ಮನೆಗೆ ಬಂದೆ. ಹೋಟೆಲಿನ ಕೆಲಸ ಮುಗಿಸಿ ಬಂದ ಫೆಸ್ಟಸ್ ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಒಲೆಗೆ ಕೈ ಹಾಕಿದೆ. ಬೂದಿ ತಣ್ಣಗಿತ್ತು. ಅವನನ್ನು ಅಲುಗಿಸಿ ಎಬ್ಬಿಸಿದೆ.

"ಬೆಂಕಿಕಡ್ಡಿ ಗೀರಿಬಿಡೋಣ ಕಣೇ. ಅಮ್ಮಂಗೆ ಏನ್ ಗೊತ್ತಾಗುತ್ತೆ?" ಅಂದ.

"ನಂಗೆ ಗೊತ್ತಲ್ಲ!"

ಊರೆಲ್ಲ ಅಗ್ಗಿಷ್ಟಿಕೆ ಕೂರಿಸಿದ ಗಂಡಸು ಮುಖ ಮುಚ್ಚಿಕೊಂಡು ಅತ್ತ.

ನಮ್ಮ ಸುತ್ತ ಇನ್ನೂ ಹೆಂಟೆ ಉರಿಸುತ್ತಿದ್ದವಳು ಪೆಗ್ ಒಬ್ಬಳೇ. ಅತ್ತೆ ಕೊಟ್ಟ ಕೆಂಡವನ್ನು ಅವಳೂ ಆರಲು ಬಿಟ್ಟಿರಲಿಲ್ಲ. ಆದರೆ ಅಂದು ಮೇ ತಿಂಗಳ ಮೊದಲ ದಿನ. ಅಂದು ಮನೆಯ ಕೆಂಡ ಹೊರಗೆ ಕೊಟ್ಟರೆ ವರ್ಷದ ಅದೃಷ್ಟವೆಲ್ಲ ಅದರ ಹಿಂದೆಯೇ ಹೋಗುತ್ತದೆ. ಪಾದ್ರಿ ಬಂದು ಕೇಳಿದರೂ ಯಾರೂ ಕೊಡುವುದಿಲ್ಲ. ಆದರೂ ಬಕೆಟ್ಟು ಹಿಡಿದು ಹೊರಟೆ. ಗುಡ್ಡವನ್ನು ಮಂಜು ನುಂಗಿತ್ತು. ಕಾಣದ ಕುರಿಗಳ ಕೂಗು ಆಕಾಶದಿಂದ ಬಂದಂತೆ ಕೇಳುತ್ತಿತ್ತು.

ಬಕೆಟ್ಟು ನೋಡಿದ್ದೇ ಪೆಗ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಇವತ್ತಾ? ತಲೆ ನೆಟ್ಟಗಿದ್ಯೇನೇ ನಿಂಗೆ? ನನ್ನ ಹಸು ಕರು ಹಾಕೋದಿದೆ!"

ನಡೆದದ್ದನ್ನು ಹೇಳಿದೆ. ಅವಳು ಒಲೆಯತ್ತ ತಿರುಗಿ ನೋಡಿದಳು. ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಕೆಂಡ ತುಂಬಿದಳು.

"ನಾನೇನೂ ಕೊಡ್ತಿಲ್ಲ, ತಿಳ್ಕೋ. ಡೆಲಿಯಾನ ಬೆಂಕಿ ಇಷ್ಟು ದಿನ ನಮ್ಮನೇಲಿ ನೆಂಟನ ಹಾಗಿತ್ತು. ನೆಂಟ ತನ್ನ ಮನೆಗೆ ಹೊರಟ್ರೆ ತಡೆಯೋಕ್ಕಾಗುತ್ತಾ?" ಬಾಗಿಲಿನಿಂದ ಮತ್ತೆ ಕೂಗಿದಳು, "ಹಸುಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!"

ಮಧ್ಯಾಹ್ನ ಫೆಸ್ಟಸ್ ಅತ್ತೆಯನ್ನು ಕರೆತಂದ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಅವರು ದಾರಿಗಡ್ಡವಾಗಿದ್ದ ಬಕೆಟ್ಟನ್ನು ಸರಿಸಲು ಬಾಗಿ ಮುಟ್ಟಿದರು. ಅದಿನ್ನೂ ಬೆಚ್ಚಗಿತ್ತು.

"ಯಾರ ಮನೇದು ಈ ಕೆಂಡ?"

ಫೆಸ್ಟಸ್ ನೆಲ ನೋಡಿದ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಇವತ್ತು... ಪೆಗ್ ಕೊಟ್ಲಾ?" ಅತ್ತೆ ಚೌಕಟ್ಟಿಗೆ ಮೊಣಕೈ ಊರಿದರು. ಆಮೇಲೆ ನಕ್ಕರು, ಕಣ್ಣು ಒರೆಸಿಕೊಂಡರು. "ನಾನೊಬ್ಬಳೇ ಇದನ್ನ ಹೊತ್ಕೊಂಡಿದೀನಿ ಅಂದ್ಕೊಂಡಿದ್ನಲ್ಲೇ."

ಕತ್ತಲಾಗುತ್ತ ಬಂದರೂ ಅವರು ಕುರ್ಚಿಯಿಂದ ಏಳಲಿಲ್ಲ. ಇಕ್ಕಳವನ್ನು ನನ್ನ ಕಡೆ ಚಾಚಿದರು. "ತಗೋ. ಇವತ್ತು ನೀನೇ ಮಲಗ್ಸು. ಬ್ರೆಡ್ಡಿನ ಗತಿ ಮಾಡ್ಬೇಡ."

ಕೆಂಡಗಳನ್ನು ಒಟ್ಟುಗೂಡಿಸಿ ಮೆಲ್ಲಗೆ ಬೂದಿ ಎಳೆದೆ, ಬ್ರಿಜಿಡಳ ಹೆಸರು ಹೇಳಿದೆ. ಸರಿಯಾಯಿತೇ ಎಂದು ಕೇಳಲು ತಿರುಗಿದರೆ ಅತ್ತೆ ಆಗಲೇ ನಿದ್ದೆ ಹೋಗಿದ್ದರು. ಬೆಂಕಿಗಿಂತ ಮುಂಚೆ ಅವರು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.